ಚಳಿಗಾಲದ ವಿಳಾಸ: ಲಾಲ್‌ಬಾಗ್

ಅಕ್ಟೋಬರ್ ತಿಂಗಳ ಎರಡನೇ ಭಾನುವಾರ, ಬೆಳಗಿನ ಏಳೂವರೆ. ರಾತ್ರಿ ಸುರಿದ ಹಿಂಗಾರು ಮಳೆಗೆ ಲಾಲ್‌ಬಾಗಿನ ಹಾದಿಗಳು ಇನ್ನೂ ಒದ್ದೆ. ಗಾಜಿನ ಮನೆಯ ಬಳಿ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡ ಹತ್ತಿಪ್ಪತ್ತು ಮಂದಿ ಸೇರಿದ್ದರು. ಶಾಲಾ ಹುಡುಗರಿಂದ ಹಿಡಿದು ನಿವೃತ್ತರವರೆಗೆ ಎಲ್ಲ ವಯಸ್ಸಿನವರೂ ಅಲ್ಲಿದ್ದರು. ಕೆರೆಯ ಕಡೆಗೆ ಹೊರಟ ಗುಂಪು ಒಂದು ತಿರುವಿನಲ್ಲಿ ಥಟ್ಟನೆ ನಿಂತಿತು. ಹಾದಿಯಂಚಿನಲ್ಲಿ ಸಣಕಲು ಮೈಯ, ಉದ್ದ ಬಾಲದ ಹಕ್ಕಿಯೊಂದು ಬಾಲವನ್ನು ಮೇಲಕ್ಕೂ ಕೆಳಕ್ಕೂ ಕುಣಿಸುತ್ತ ಹುಳು ಹೆಕ್ಕುತ್ತಿತ್ತು. ಬೆನ್ನು ಬೂದು, ಹೊಟ್ಟೆ ಹಳದಿ.

"ಬಂದುಬಿಟ್ಟಿದೆ ನೋಡ್ರೀ. ಹೋದ ವರ್ಷಾನೂ ಇದೇ ತಿರುವಿನಲ್ಲಿತ್ತು" ಎಂದರು ಗುಂಪಿನ ಹಿರಿಯರೊಬ್ಬರು.

"ಅದೇ ಹಕ್ಕಿ ಅಂತ ಹೇಗೆ ಹೇಳ್ತೀರಿ ಸಾರ್?" ಎಂದು ಕೇಳಿದೆ.

"ಕಾಲಿಗೆ ಉಂಗುರ ಹಾಕಿಲ್ಲವಲ್ಲ, ಆಣೆ ಮಾಡಿ ಹೇಳಲಾರೆ. ಜಾಗ ಮಾತ್ರ ಅದೇ ಕಣ್ರೀ" ಎಂದು ನಕ್ಕರು.

ಅದು ಬೂದು ಸಿಪಿಲೆ. ಕುಂಡೆಕುಸ್ಕ ಎಂದೂ ಕರೆಯುವುದುಂಟು. ಬೇಸಿಗೆಯಲ್ಲಿ ಹಿಮಾಲಯದ ತೊರೆಗಳ ದಂಡೆಯಲ್ಲಿ, ಅದರಾಚೆಯ ಉತ್ತರದ ನಾಡುಗಳಲ್ಲಿ ಮರಿ ಮಾಡುವ ಈ ಹಕ್ಕಿ, ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ ಸವೆಸಿ ಬೆಂಗಳೂರಿನ ಒಂದು ತಿರುವಿಗೇ ಮರಳಿ ಬರುವುದೆಂದರೆ ನಂಬಬಹುದೇ? ನಂಬಬಹುದು ಎನ್ನುತ್ತದೆ ಪಕ್ಷಿಶಾಸ್ತ್ರ. ಚಳಿಗಾಲ ಕಳೆಯುವ ಸಿಪಿಲೆಗಳು ವರ್ಷ ವರ್ಷವೂ ಅದೇ ತಾಣಕ್ಕೆ, ಕೆಲವೊಮ್ಮೆ ಊರೊಳಗಿನ ಪುಟ್ಟ ಕೈತೋಟಕ್ಕೂ, ಹಿಂದಿರುಗುವುದು ದಾಖಲಾಗಿದೆ.

ಏಕೆ ಬರುತ್ತವೆ?

ವಲಸೆಗೆ ಚಳಿಯೇ ಕಾರಣ ಎಂಬುದು ನಮ್ಮೆಲ್ಲರ ತಿಳಿವಳಿಕೆ. ಅದು ಅರ್ಧ ಸತ್ಯ. ಪುಕ್ಕದ ಹೊದಿಕೆಯಿರುವ ಹಕ್ಕಿ ಚಳಿಯನ್ನು ಹೇಗೋ ತಡೆದುಕೊಂಡೀತು, ಹಸಿವನ್ನು ತಡೆಯಲಾರದು. ಉತ್ತರದಲ್ಲಿ ಹಿಮ ಬಿದ್ದೊಡನೆ ಕೀಟಗಳು ಮಾಯವಾಗುತ್ತವೆ. ಹಾಗೆಂದು ಹಕ್ಕಿ ಹಿಮ ಬೀಳುವವರೆಗೆ ಕಾಯುತ್ತ ಕೂರುವುದಿಲ್ಲ. ಹಗಲು ಕುಗ್ಗುತ್ತಿರುವ ಸೂಚನೆ ಸಿಕ್ಕೊಡನೆ ಅದರ ದೇಹ ಪ್ರಯಾಣಕ್ಕೆ ಅಣಿಯಾಗುತ್ತದೆ. ಹೊಟ್ಟೆಬಾಕನಂತೆ ತಿಂದು ಕೊಬ್ಬು ಶೇಖರಿಸಿಕೊಳ್ಳುತ್ತದೆ. ಆ ಕೊಬ್ಬೇ ದಾರಿಯ ಬುತ್ತಿ. ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರಿ, ಹಗಲು ಎಲ್ಲಾದರೂ ಇಳಿದು ಉಂಡು ದಣಿವಾರಿಸಿಕೊಳ್ಳುತ್ತವೆ.

ಸಿಪಿಲೆಯ ಹಿಂದೆಯೇ ಎಲೆ ಉಲಿಯಕ್ಕಿ ಬರುತ್ತದೆ. ಎಂಟು ಗ್ರಾಂ ಕೂಡ ತೂಗದ ಈ ಹಸಿರು ಮೈಯ ಹಕ್ಕಿ ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚು. ಆಮೇಲೆ ಕಂದು ನೊಣಹಿಡುಕ, ಹೊನ್ನಕ್ಕಿ, ಕೆರೆಯ ಮೇಲೆ ಸುತ್ತುವ ಅಂಬರಗುಬ್ಬಿ. ಅದೃಷ್ಟವಿದ್ದರೆ ನವರಂಗ.

ದಾರಿ ತೋರುವವರು ಯಾರು?

ಇನ್ನೂ ಸೋಜಿಗದ ಸಂಗತಿಯೆಂದರೆ, ಅನೇಕ ಜಾತಿಗಳಲ್ಲಿ ಆ ವರ್ಷ ಹುಟ್ಟಿದ ಮರಿಗಳು ತಂದೆತಾಯಿಯ ಜೊತೆಯಿಲ್ಲದೆ ಹೊರಡುತ್ತವೆ. ಅವಕ್ಕೆ ದಾರಿ ಹೇಳಿಕೊಟ್ಟವರು ಯಾರು? ನೆದರ್ಲೆಂಡ್ಸಿನ ವಿಜ್ಞಾನಿ ಪರ್ಡೆಕ್ 1958ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಆ ದೇಶದ ಮೂಲಕ ವಲಸೆ ಹೋಗುತ್ತಿದ್ದ 11,000ಕ್ಕೂ ಹೆಚ್ಚು ಕಬ್ಬಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಡಲಾಯಿತು. ಹಿರಿಯ ಹಕ್ಕಿಗಳು ದಿಕ್ಕು ತಿದ್ದಿಕೊಂಡು ತಮ್ಮ ಹಳೆಯ ಚಳಿಗಾಲದ ಬಿಡಾರಗಳತ್ತಲೇ ಹಾರಿದವು. ಮರಿಗಳು ಮಾತ್ರ ಹುಟ್ಟಿನಿಂದ ಬಂದ ದಿಕ್ಕನ್ನೇ ಹಿಡಿದು ಹೋಗಿ, ತಮ್ಮ ಕುಲದವರು ಹೋಗದ ಸ್ಪೇನನ್ನು ಸೇರಿದವು. ಮುಂದಿನ ಚಳಿಗಾಲಗಳಲ್ಲೂ ಆ ಹೊಸ ತಾಣಕ್ಕೇ ಮರಳಿದವು.

ಅಂದರೆ ಮೊದಲ ಪಯಣದಲ್ಲಿ ಮರಿಗೆ ಗೊತ್ತಿರುವುದು ದಿಕ್ಕು ಮಾತ್ರ. ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ಆ ದಿಕ್ಕು ಹಿಡಿಯಲು ನೆರವಾಗುತ್ತವೆ. ಆದರೆ ಒಂದು ಚಳಿಗಾಲವನ್ನು ಎಲ್ಲಿ ಬದುಕಿ ಕಳೆಯಿತೋ ಅದು ಮುಂದೆ ಅದರ ವಿಳಾಸವಾಗುತ್ತದೆ. ಲಾಲ್‌ಬಾಗಿನ ಆ ತಿರುವು ಹೀಗೆ ಯಾವುದೋ ಸಿಪಿಲೆಯ ವಿಳಾಸವಾಗಿರಬಹುದು.

ಉಂಗುರದ ಕತೆ

ಹಕ್ಕಿಗಳಿಗೆ ಉಂಗುರ ತೊಡಿಸುವ ಕಾರ್ಯ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುವುದಕ್ಕೆ ಮಲೆನಾಡಿನ ಒಂದು ದುರಂತವೂ ಕಾರಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜನರೂ ಜ್ವರದಿಂದ ನರಳಿದರು. ಮಂಗನ ಕಾಯಿಲೆಯ ಆ ವೈರಾಣು ರಷ್ಯಾದ ವೈರಾಣುವೊಂದರ ಹತ್ತಿರದ ನೆಂಟನೆಂದು ತಿಳಿದಾಗ, ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ಅದು ಬಂದಿರಬಹುದೇ ಎಂಬ ಶಂಕೆ ಹುಟ್ಟಿತು. ಆ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆಯ ಅಧ್ಯಯನ ಕೈಗೊಂಡಿತು. ಹಕ್ಕಿಗಳೇ ರೋಗ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಅವು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂಬ ಬಗ್ಗೆ ನಮ್ಮ ಅರಿವು ಬಹಳಷ್ಟು ಬೆಳೆಯಿತು.

ಉಂಗುರ ತೊಡಿಸುವುದು ತಜ್ಞರ ಕೆಲಸ. ಹಾಜರಿ ಹಾಕುವುದನ್ನು ಯಾರು ಬೇಕಾದರೂ ಮಾಡಬಹುದು. 1970ರ ದಶಕದಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತು ಗೆಳೆಯರು ಕಟ್ಟಿದ ಬೆಂಗಳೂರಿನ ಪಕ್ಷಿ ವೀಕ್ಷಕರ ಕ್ಲಬ್ಬು ಮಾಡಿದ್ದು ಇದನ್ನೇ. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರಿ ಹಕ್ಕಿ ನೋಡುವ ಪದ್ಧತಿ ಅಲ್ಲಿಂದಲೇ ಬೆಳೆದು ಬಂದದ್ದು. ಹೀಗೆ ಬರೆದಿಟ್ಟ ಟಿಪ್ಪಣಿಗಳ ಆಧಾರದಿಂದ 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಪಟ್ಟಿಯೊಂದು ಪುಸ್ತಕವಾಗಿ ಬಂತು.

ಇಂತಹ ಹಾಜರಿಯ ಬೆಲೆ ಎಷ್ಟೆಂಬುದು ಈಗ ಗೊತ್ತಾಗುತ್ತಿದೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಸುಮಾರು 30,000 ವೀಕ್ಷಕರು ದಾಖಲಿಸಿದ 3 ಕೋಟಿ ಟಿಪ್ಪಣಿಗಳನ್ನು ಆಧರಿಸಿದೆ. ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ 204 ಕುಸಿದಿವೆ ಎನ್ನುತ್ತದೆ ಅದು. ದೂರದಿಂದ ವಲಸೆ ಬರುವ ಹಕ್ಕಿಗಳ ಕುಸಿತ ಇಲ್ಲೇ ನೆಲೆಸಿದವುಗಳಿಗಿಂತ ತೀವ್ರವಾಗಿದೆ.

ಕಸವಲ್ಲ, ಊಟದ ತಟ್ಟೆ

1760ರಲ್ಲಿ ಹೈದರಾಲಿ ಆರಂಭಿಸಿದ ತೋಟ ಇಂದು 240 ಎಕರೆಯಷ್ಟಿದೆ. ಆದರೆ ವಲಸೆ ಹಕ್ಕಿಗೆ ಎಕರೆಯ ಲೆಕ್ಕಕ್ಕಿಂತ ಮೂಲೆಗಳ ಲೆಕ್ಕ ಮುಖ್ಯ. ಸಿಪಿಲೆಗೆ ತೇವದ ನೆಲ ಬೇಕು. ಉಲಿಯಕ್ಕಿಗೆ ಹುಳು ಹಿಡಿದ ಎಲೆಗಳಿರುವ ಮರ ಬೇಕು. ಮರದಡಿಯ ತರಗೆಲೆಯನ್ನು ಕೆದಕಿ ತಿನ್ನುವ ನವರಂಗಕ್ಕೆ ಆ ತರಗೆಲೆಯೇ ಊಟದ ತಟ್ಟೆ. ನಾವು ಉದ್ಯಾನ ಚೊಕ್ಕಟವಾಗಿರಲಿ ಎಂದು ಎಲೆ ಗುಡಿಸಿ, ಪೊದೆ ಕಡಿದು, ಕೀಟನಾಶಕ ಸಿಂಪಡಿಸಿದರೆ ತೋಟ ನಮ್ಮ ಕಣ್ಣಿಗೆ ಅಂದವಾಗಿಯೇ ಇರುತ್ತದೆ. ದೂರದಿಂದ ಹಸಿದು ಬಂದ ಹಕ್ಕಿಗೆ ಅದು ಬೀಗ ಹಾಕಿದ ಮನೆ.

ನಗರದ ದೀಪಗಳೂ ತೊಡಕೇ. ರಾತ್ರಿ ಹಾರುವ ನವರಂಗ ಬೆಳಕಿಗೆ ಗೊಂದಲಗೊಂಡೋ ಗಾಜಿಗೆ ಬಡಿದೋ ಅಕ್ಟೋಬರ್ ಸುಮಾರಿಗೆ ಮನೆಯಂಗಳದಲ್ಲಿ, ಕಟ್ಟಡದ ಮೆಟ್ಟಿಲ ಬಳಿ ಬಿದ್ದು ಸಿಗುವುದುಂಟು. ಅಂತಹ ಹಕ್ಕಿ ಕಂಡರೆ ಬಾಯಿಗೆ ನೀರು ಬಿಡಬೇಡಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಳಗೆ, ಕತ್ತಲಿರುವ ಸದ್ದಿಲ್ಲದ ಕಡೆ ಇರಿಸಿ, ವನ್ಯಜೀವಿ ರಕ್ಷಕರಿಗೆ ತಿಳಿಸಿ.

ಅಂದು ಹತ್ತು ಗಂಟೆಯ ಹೊತ್ತಿಗೆ ಗುಂಪು ಚದುರಿತು. ಹೊರಡುವ ಮುನ್ನ ಆ ಹಿರಿಯರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ದಿನಾಂಕದ ಮುಂದೆ "ಬೂದು ಸಿಪಿಲೆ, ಒಂದು" ಎಂದು ಬರೆದುಕೊಂಡರು.

"ಬರದೇ ಇದ್ದರೆ?" ಎಂದು ಕೇಳಿದೆ.

"ಅದನ್ನೂ ಬರೀಬೇಕು ಕಣ್ರೀ. ಬರಲಿಲ್ಲ ಅಂತ ಗೊತ್ತಾಗಬೇಕಾದರೆ ಯಾರಾದರೂ ಕಾದಿರಬೇಕಲ್ಲ" ಎಂದರು.