ಕಾಂಡ್ಲಾ ಗಿಡ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು?



“ಕಾಂಡ್ಲಾ ಉಳಿಸಿ, ಕಾಂಡ್ಲಾ ಬೆಳೆಸಿ” ಅಂತ ಈಗ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ. ಆದರೆ ಎಲ್ಲಿ ನೆಡಬೇಕು ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ. ಅಘನಾಶಿನಿಯ ಅಳಿವೆಯಲ್ಲಿ ಬದುಕುವವರಿಗೆ ಇದು ಊಟದ ಪ್ರಶ್ನೆ.

ಕಾಂಡ್ಲಾದ ಬೀಜ ತಾಯಿಮರದಲ್ಲೇ ಮೊಳೆತು, ನುಗ್ಗೆಕಾಯಿಯ ಹಾಗೆ ಉದ್ದವಾಗಿ ಇಳಿಬಿದ್ದು, ಆಮೇಲೆ ಕೆಸರಿಗೆ ಬೀಳುತ್ತದೆ. ಊರುಗೋಲಿನಂಥ ಬೇರುಗಳ ನಡುವೆ ಸಿಗಡಿ, ಏಡಿ, ಮೀನಿನ ಮರಿಗಳು ದೊಡ್ಡ ಮೀನಿನ ಬಾಯಿಗೆ ಸಿಗದೆ ಬೆಳೆಯುತ್ತವೆ. ಉದುರಿದ ಎಲೆ ಕೊಳೆತು ಇಡೀ ಹೊಳೆಗೆ ಆಹಾರವಾಗುತ್ತದೆ. ಮರ ಕಡಿದರೆ ಬಲೆ ಬರಿದಾಗುವುದು ಅದೇ ದಿನ ಅಲ್ಲ, ಸ್ವಲ್ಪ ಕಾಲ ಕಳೆದ ಮೇಲೆ. ಹಾಗಾಗಿ ಯಾರಿಗೂ ಸಂಬಂಧ ಗೊತ್ತಾಗುವುದಿಲ್ಲ.

ಗಜನಿ ಗದ್ದೆಯನ್ನೇ ನೋಡಿ. ಮಳೆಗಾಲದಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದು ಮೀನು, ಸಿಗಡಿ. ಗೊಬ್ಬರ ಬೇಡ, ಔಷಧ ಬೇಡ. ಮಣ್ಣಿನ ಕಟ್ಟೆಯ ಹೊರಗೆ ಕಾಂಡ್ಲಾ ಸಾಲು ಇದ್ದರೆ ಅಲೆಯ ಹೊಡೆತ ಅದಕ್ಕೇ ತಾಗುತ್ತದೆ, ಕಟ್ಟೆ ಉಳಿಯುತ್ತದೆ. ಸಿಗಡಿ ಕೃಷಿಯ ಭರಾಟೆ ಬಂದಾಗ ಎಷ್ಟೋ ಗಜನಿ ಗುತ್ತಿಗೆಗೆ ಹೋಯಿತು, ಕಾಂಡ್ಲಾ ಕಡಿದರು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂತು. ಗುತ್ತಿಗೆದಾರರು ಹೋದರು, ಒಡೆದ ಕಟ್ಟೆ ರೈತರಿಗೆ ಉಳಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಇಂಥ ಕೊಳಗಳ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಕಗ್ಗದ ಬೀಜವೇ ಅಪರೂಪವಾಗಿತ್ತು.

ಈಗ ಮುಖ್ಯ ಮಾತು. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರಿಗೆ ದೋಣಿ ಇಲ್ಲ, ಜಮೀನಿಲ್ಲ. ಆ ಮರಳು ದಿಬ್ಬವೇ ಅವರ ಗದ್ದೆ. 2008ರ ಒಂದು ಅಧ್ಯಯನ ಇಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿ ತೆಗೆಯುತ್ತಿದ್ದರೆಂದು ಲೆಕ್ಕ ಹಾಕಿತ್ತು. ಆಮೇಲಿನ ವರ್ಷಗಳಲ್ಲಿ ಇಳುವರಿ ಕುಸಿದಿದೆ. ಇರುವ ದಿಬ್ಬವನ್ನಾದರೂ ಕಾಯಬೇಕು. ಅದರ ಮೇಲೇ ಕಾಂಡ್ಲಾ ನೆಟ್ಟರೆ ಬೇರು ಹೂಳು ಹಿಡಿಯುತ್ತದೆ, ಮರಳು ಕೆಸರಾಗುತ್ತದೆ, ಬಳಚು ಉಳಿಯುವುದಿಲ್ಲ, ಕಾಲಿಡಲೂ ಆಗುವುದಿಲ್ಲ. ನೆಡುವವರು ಖಾಲಿ ಜಾಗ ಅಂದುಕೊಳ್ಳುತ್ತಾರೆ. ಕೇಳಿದ್ದರೆ ಹೇಳುತ್ತಿದ್ದರಲ್ಲ! ಗಿಡಕ್ಕೆ ಸರಿಯಾದ ಜಾಗ ಗಜನಿ ಕಟ್ಟೆಯ ಹೊರಮೈ, ಕೊರೆಯುತ್ತಿರುವ ದಡ, ಮೊದಲು ಕಾಂಡ್ಲಾ ಇದ್ದು ಕಡಿದ ಕೆಸರು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದ ಘೋಷಣೆ ಆಯಿತು. ಇನ್ನು ಮುಂದೆ ಯೋಜನೆಗಳು ಬರುತ್ತವೆ, ಗಿಡ ನೆಡುವುದೂ ಬರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಸಂಪತ್ತಿನ ದಾಖಲೆ ಪುಸ್ತಕ ಇಡಬೇಕು. ಎಷ್ಟೋ ಕಡೆ ಅದು ಕಪಾಟಿನಲ್ಲೇ ಇರುತ್ತದೆ. ಗ್ರಾಮಸಭೆಯಲ್ಲಿ ಅದನ್ನು ತೋರಿಸಲು ಕೇಳಿ. ಬಳಚು ಸಿಗುವ ದಿಬ್ಬಗಳ ಹೆಸರು, ಯಾವ ತಿಂಗಳು ಹೆಕ್ಕುತ್ತೀರಿ, ಎಷ್ಟು ಮನೆಯವರು ಹೋಗುತ್ತೀರಿ ಎಂದು ಬರೆಸಿ, ಸಂಘದ ನಿರ್ಣಯದ ಪ್ರತಿಯನ್ನೂ ಅದರ ಜೊತೆ ಕೊಡಿ. ಬರೆಯಲು ಕಷ್ಟವಾದರೆ ನಮ್ಮ ಕಾರ್ಯಕರ್ತೆ ಬಂದು ಬರೆದುಕೊಡುತ್ತಾರೆ. ಬೀಜ ಉದುರುವುದು ಮಳೆಗಾಲದಲ್ಲಿ; ಈ ಕೆಲಸ ಅದಕ್ಕೆ ಮುಂಚೆ ಆಗಲಿ.