ಸ್ತಂಭ, ಶಾಸನ, ಸ್ತರ: ಪ್ರಾಚೀನ ಪಾರಸೀಕ ವಾಸ್ತುವಿನ ಉತ್ಖನನ ಮತ್ತು ದಾವಣಗೆರೆ–ಹರಿಹರ ಪರಿಸರ

ತುಂಗಭದ್ರಾ ತೀರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, ಕ್ರಿ.ಶ. 1224ರಲ್ಲಿ, ದಂಡನಾಯಕ ಪೋಲಾಳ್ವನು ಕಟ್ಟಿಸಿದನೆಂಬುದು ಶಾಸನದಿಂದ ತಿಳಿದುಬರುತ್ತದೆ. ಕಟ್ಟಿಸಿದವನ ಹೆಸರು, ಕಾಲ, ಪ್ರಭುತ್ವ ಈ ಮೂರೂ ದಾಖಲಾಗಿರುವುದರಿಂದ ಕೇವಲ ಕಂಬಗಳ ಆಕೃತಿಯನ್ನು ನೋಡಿ ಕಾಲನಿರ್ಣಯ ಮಾಡುವ ಪ್ರಸಂಗ ಇಲ್ಲಿ ಒದಗುವುದಿಲ್ಲ. ಆದರೆ ಇದಕ್ಕೆ ಒಂದೂವರೆ ಸಾವಿರ ವರ್ಷಗಳಷ್ಟು ಹಿಂದಿನ ಮೌರ್ಯರ ಕಾಲಕ್ಕೆ ಹೋದಾಗ ಪರಿಸ್ಥಿತಿ ಬೇರೆಯಾಗುತ್ತದೆ. ಮೌರ್ಯ ವಾಸ್ತುವಿನ ಮೇಲೆ ಪಾರಸೀಕ ಪ್ರಭಾವವಿದ್ದಿತೇ ಎಂಬ ದೀರ್ಘಕಾಲದ ಚರ್ಚೆಯಲ್ಲಿ ನಮ್ಮ ಪ್ರದೇಶದ ಆಧಾರವೊಂದು ಮಹತ್ತ್ವದ್ದಾಗಿದೆ. ಅದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಇರಾನಿನ ಪರ್ಸಿಪೊಲಿಸ್ ಅಕೆಮೆನಿಡ್ ಅರಸರ ವಿಧಿವಿಹಿತ ರಾಜಧಾನಿ. ಒಂದನೆಯ ದರಿಯಸನು ಕ್ರಿ.ಪೂ. 518ರ ಸುಮಾರಿಗೆ ಇದರ ನಿರ್ಮಾಣವನ್ನು ಆರಂಭಿಸಿದನು, ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರನ ಕಾಲದಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಷಿಕಾಗೊ ವಿಶ್ವವಿದ್ಯಾಲಯದ ಓರಿಯಂಟಲ್ ಇನ್‌ಸ್ಟಿಟ್ಯೂಟ್ ಪರವಾಗಿ ಅರ್ನ್‌ಸ್ಟ್ ಹರ್ಜ್‌ಫೆಲ್ಡ್ 1931ರಲ್ಲಿ ಆರಂಭಿಸಿದ ಉತ್ಖನನವನ್ನು ಎರಿಕ್ ಸ್ಮಿಟ್ 1939ರವರೆಗೆ ಮುಂದುವರಿಸಿದರು. 72 ಕಂಬಗಳ ಅಪಾದಾನವೆಂಬ ಸಭಾಭವನದ ತಳಪಾಯದಲ್ಲಿ, ಕಲ್ಲಿನ ಪೆಟ್ಟಿಗೆಗಳೊಳಗಿದ್ದ ಚಿನ್ನ ಮತ್ತು ಬೆಳ್ಳಿಯ ಫಲಕಗಳು 1933ರಲ್ಲಿ ದೊರೆತವು. ಅವುಗಳಲ್ಲಿ ದರಿಯಸನು ಮೂರು ಭಾಷೆಗಳಲ್ಲಿ ತನ್ನ ರಾಜ್ಯದ ಎಲ್ಲೆಗಳನ್ನು ಹೇಳಿಕೊಂಡಿದ್ದು, ಆ ಎಲ್ಲೆಗಳಲ್ಲಿ ಸಿಂಧೂ ಪ್ರದೇಶವೂ ಒಂದಾಗಿದೆ. ಹರಿಹರದಂತೆ ಇಲ್ಲಿಯೂ ಕಟ್ಟಡದ ಕರ್ತೃತ್ವವನ್ನು ಬರಹವೇ ಖಚಿತಪಡಿಸುತ್ತದೆ.

ಪಾಟಲಿಪುತ್ರದ ಕುಮ್ರಾಹಾರದಲ್ಲಿ ಇಂತಹ ಬರಹದ ನೆರವು ದೊರೆಯಲಿಲ್ಲ. ರತನ್ ಟಾಟಾ ಅವರ ಧನಸಹಾಯದಿಂದ ಡಿ.ಬಿ. ಸ್ಪೂನರ್ 1912–13ರಲ್ಲಿ ಇಲ್ಲಿ ಉತ್ಖನನವನ್ನು ಕೈಗೊಂಡು ಕಂಬಸಾಲುಗಳ ವಿಶಾಲ ಸಭಾಭವನವೊಂದನ್ನು ಬೆಳಕಿಗೆ ತಂದರು. ಪರ್ಸಿಪೊಲಿಸಿನ ನೂರು ಕಂಬಗಳ ಭವನದೊಡನೆ ಅದಕ್ಕಿರುವ ಸಾಮ್ಯವನ್ನು ಕಂಡ ಅವರು, 1915ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮೌರ್ಯರೇ ಪಾರಸೀಕ ಮೂಲದವರೆಂದು ಪ್ರತಿಪಾದಿಸಿದರು. ಆದರೆ ಪರ್ಸಿಪೊಲಿಸಿನ ಕಂಬಗಳು ಬಿಡಿ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ನಿಲ್ಲಿಸಿದವು. ಅವುಗಳಿಗೆ ಪೀಠವಿದೆ, ಮೈಯಲ್ಲಿ ಉದ್ದನೆಯ ಗೀರುಗಳಿವೆ. ಮೌರ್ಯರ ಕಂಬಗಳಾದರೋ ಏಕಶಿಲೆಯವು, ನುಣುಪಾಗಿ ಹೊಳಪಿಟ್ಟವು. ಎ.ಎಸ್. ಅಲ್ತೇಕರ್ ಮತ್ತು ವಿಜಯಕಾಂತ ಮಿಶ್ರ ಅವರು 1951ರಿಂದ 1955ರವರೆಗೆ ಇದೇ ನೆಲೆಯಲ್ಲಿ ಮತ್ತೆ ಉತ್ಖನನ ನಡೆಸಿದರು. ಮೇಲುನೋಟದ ಸಾಮ್ಯದಿಂದ ಕಲ್ಪನೆಯ ವಿನಿಮಯವನ್ನು ಊಹಿಸಬಹುದೇ ಹೊರತು ರಾಜವಂಶದ ಮೂಲವನ್ನು ನಿರ್ಣಯಿಸಲಾಗದು.

ಈ ಹಿನ್ನೆಲೆಯಲ್ಲಿ ಬ್ರಹ್ಮಗಿರಿಯ ಆಧಾರ ಗಮನಾರ್ಹವಾದುದು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ದಾವಣಗೆರೆ, ಹರಿಹರ ಹಾಗೂ ಬ್ರಹ್ಮಗಿರಿಯಿರುವ ಮೊಳಕಾಲ್ಮೂರು ತಾಲ್ಲೂಕುಗಳು ಒಂದೇ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಬಿ.ಎಲ್. ರೈಸ್ 1892ರಲ್ಲಿ ಶೋಧಿಸಿದ ಇಲ್ಲಿಯ ಅಶೋಕನ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಉಲ್ಲೇಖವಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕರೇಣ’ ಎಂಬ ಪದವೊಂದನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ವಾಯವ್ಯ ಭಾರತದ ಲಿಪಿ. ಅಕೆಮೆನಿಡ್ ಆಡಳಿತದಲ್ಲಿ ಬಳಕೆಯಲ್ಲಿದ್ದ ಅರಮಾಯಿಕ್‌ನಿಂದ ಅದು ರೂಪುಗೊಂಡಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಶಹಬಾಜ್‌ಗಢಿಯ ಅಶೋಕ ಶಾಸನದಲ್ಲಿ ‘ಲಿಪಿ’ಗೆ ಬದಲಾಗಿ ಕಾಣುವ ‘ದಿಪಿ’ ಎಂಬ ರೂಪ ಪ್ರಾಚೀನ ಪಾರಸೀಕ ಭಾಷೆಯಲ್ಲಿಯೂ ಇದೆ. ಪಾರಸೀಕ ಆಡಳಿತದ ಲೇಖನ ಪರಂಪರೆಯ ಒಂದು ಎಳೆ ಹೀಗೆ ಕನ್ನಡ ನಾಡಿನ ಬಂಡೆಯವರೆಗೂ ಬಂದಿದೆ.

ಅದೇ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿ ನವಶಿಲಾಯುಗ, ಬೃಹತ್ ಶಿಲಾಸಮಾಧಿ ಮತ್ತು ಆಂಧ್ರ ಸಂಸ್ಕೃತಿಗಳ ಸ್ತರಗಳನ್ನು ಗುರುತಿಸಿದರು. ಪಾಟಲಿಪುತ್ರದಂತಹ ಕಂಬಸಾಲಿನ ಸಭಾಭವನ ಇಲ್ಲಿ ದೊರೆಯಲಿಲ್ಲ. ಲಿಪಿ ಬಂದಲ್ಲೆಲ್ಲ ವಾಸ್ತುವೂ ಬರಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶಾಸನ ಮತ್ತು ಸ್ತರ ಎರಡನ್ನೂ ಒಟ್ಟಿಗೆ ಓದಿದುದರಿಂದಲೇ ಈ ವಿವೇಚನೆ ಸಾಧ್ಯವಾಗಿದೆ.

ದಾವಣಗೆರೆ–ಹರಿಹರ ಪರಿಸರದ ಸಂಶೋಧನೆಗೆ ಇದು ನೇರವಾಗಿ ಅನ್ವಯಿಸುತ್ತದೆ. ದೇವಾಲಯ ಮತ್ತು ಶಾಸನಗಳು ವಿದ್ವಾಂಸರ ಗಮನವನ್ನು ಸಹಜವಾಗಿಯೇ ಸೆಳೆದಿವೆ. ಬರಹವಿಲ್ಲದ ಹಾಳೂರು ದಿಬ್ಬಗಳಿಗಾದರೋ ಸ್ತರವೊಂದೇ ದಾಖಲೆ. ಗೊಬ್ಬರಕ್ಕೆಂದು ಅಲ್ಲಿಯ ಬೂದಿಮಣ್ಣನ್ನು ಹೊಲಗಳಿಗೆ ಸಾಗಿಸಿದರೆ, ಮಡಕೆಚೂರುಗಳು ಉಳಿದರೂ ಅವುಗಳ ಅನುಕ್ರಮ ಉಳಿಯುವುದಿಲ್ಲ. ಹೀಗೆ ಅಳಿದ ಸ್ತರವನ್ನು ಮತ್ತೆ ರಚಿಸಲಾಗದು. ಆದಕಾರಣ ತುಂಗಭದ್ರಾ ದಂಡೆಯ ಗ್ರಾಮಗಳ ದಿಬ್ಬಗಳನ್ನು ಗ್ರಾಮವಾರು ಸಮೀಕ್ಷಿಸಿ, ನಕ್ಷೆಯಲ್ಲಿ ಗುರುತಿಸಿ, ಆಯ್ದ ನೆಲೆಗಳಲ್ಲಿ ಪರೀಕ್ಷಾರ್ಥ ಉತ್ಖನನ ನಡೆಸುವುದು ಅವಶ್ಯವಾಗಿದೆ. ಈ ಪ್ರದೇಶದ ಪ್ರಾಚೀನತೆಯನ್ನು ಕುರಿತ ಮುಂದಿನ ನಿರ್ಣಯಗಳು ಆಗ ಭದ್ರವಾದ ನೆಲೆಯ ಮೇಲೆ ನಿಲ್ಲುತ್ತವೆ.