ಮುಖ ಸೊಟ್ಟಗಾಗಿ ಕಿವಿಯೂ ಮಂದವಾದಾಗ

ಮುಖದ ಸ್ನಾಯುಗಳನ್ನು ಆಡಿಸುವುದು ಏಳನೆಯ ಕಪಾಲ ನರ. ಶಬ್ದವನ್ನೂ ದೇಹದ ಸಮತೋಲನವನ್ನೂ ಮಿದುಳಿಗೆ ತಿಳಿಸುವುದು ಎಂಟನೆಯದು. ಮಿದುಳಿಗೂ ಕಿವಿಗೂ ನಡುವೆ ಇವೆರಡೂ ಮೂಳೆಯೊಳಗಿನ ಒಂದೇ ಇಕ್ಕಟ್ಟಾದ ನಾಳದಲ್ಲಿ ಸಾಗುತ್ತವೆ. ಅಲ್ಲಿ ಸೋಂಕು ತಗುಲಿ ಬಾವು ಬಂದರೆ ಒಂದೇ ಬದಿಯ ಮುಖ, ಕಿವಿ ಎರಡಕ್ಕೂ ಪೆಟ್ಟು.

ಇದಕ್ಕೆ ಸ್ಪಷ್ಟ ನಿದರ್ಶನ ರಾಮ್‌ಸೆ ಹಂಟ್ ಸಿಂಡ್ರೋಮ್. ಅಮೆರಿಕದ ನರರೋಗ ತಜ್ಞ ಜೇಮ್ಸ್ ರಾಮ್‌ಸೆ ಹಂಟ್ 1907ರಲ್ಲಿ ಇದನ್ನು ವಿವರಿಸಿದರು. ಗಾಯಕ ಜಸ್ಟಿನ್ ಬೀಬರ್ 2022ರಲ್ಲಿ ತಮಗೆ ಇದು ಬಂದಿದೆ ಎಂದಾಗ ಹೆಸರು ಮನೆಮನೆಗೂ ತಲುಪಿತು. ಸೀತಾಳೆ ಸಿಡುಬಿನ ವೈರಸ್ ರೋಗಿ ಗುಣವಾದ ಮೇಲೂ ನರದ ಗಂಟುಗಳಲ್ಲಿ ಅಡಗಿರುತ್ತದೆ. ದಶಕಗಳ ನಂತರ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಏಳುತ್ತದೆ. ಮೈಮೇಲೆ ಎದ್ದರೆ ಸರ್ಪಸುತ್ತು. ಮುಖದ ನರದ ಗಂಟಿನಲ್ಲಿ ಎದ್ದರೆ ಈ ಕಾಯಿಲೆ. ಕಿವಿಯಲ್ಲಿ ತಡೆಯಲಾರದ ನೋವು, ಕಿವಿಯ ಮೇಲೋ ಬಾಯಿಯ ಅಂಗುಳದಲ್ಲೋ ನೀರುಗುಳ್ಳೆ, ಅದೇ ಬದಿಯಲ್ಲಿ ಜೋತುಬಿದ್ದ ಬಾಯಿ, ಮುಚ್ಚದ ರೆಪ್ಪೆ, ಜೊತೆಗೆ ಕಿವುಡು, ತಲೆಸುತ್ತು. ಗುಳ್ಳೆಗಳು ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಆಗ ಇದು ಮುಖದ ಒಂದು ಬದಿ ದಿಢೀರನೆ ಸೋಲುವ ಬೆಲ್ಸ್ ಪಾಲ್ಸಿಯಂತೆ ಕಾಣುತ್ತದೆ. ಬೆಲ್ಸ್ ಪಾಲ್ಸಿಗೆ ತುಟಿಯ ಹುಣ್ಣಿನ ಹರ್ಪಿಸ್ ವೈರಸ್ ಕಾರಣವಿರಬಹುದೆಂಬ ಶಂಕೆಯಿದೆ, ಆದರೆ ಅದರಲ್ಲಿ ಕಿವುಡು ಸಾಮಾನ್ಯವಲ್ಲ. ಕಿವಿಯೂ ಮಂದವಾಗಿದ್ದರೆ ಆ ಹೆಸರಿಗೇ ತೃಪ್ತರಾಗುವುದು ಸರಿಯಲ್ಲ.

ವರ್ಷಗಟ್ಟಲೆ ಸೋರುವ ಕಿವಿಯನ್ನು ಹಗುರವಾಗಿ ಕಾಣುವ ರೂಢಿ ನಮ್ಮಲ್ಲಿದೆ. ಆ ಸೋಂಕು ಮೂಳೆಯನ್ನೇ ಸವೆಸಿ ಮುಖದ ನರವನ್ನು ಮುಟ್ಟಬಲ್ಲದು. ಅಪರೂಪಕ್ಕೆ ಅದರ ಹಿಂದೆ ಕ್ಷಯವಿರುತ್ತದೆ. ಸಕ್ಕರೆ ಕಾಯಿಲೆಯ ವೃದ್ಧರಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಹೊರಕಿವಿಯಿಂದ ತಲೆಬುರುಡೆಯ ತಳಕ್ಕೆ ಹಬ್ಬುತ್ತದೆ. ರಾತ್ರಿ ಹೆಚ್ಚುವ ಕಿವಿನೋವು ಅದರ ಸುಳಿವು. ಅಮೆರಿಕ, ಯುರೋಪುಗಳಲ್ಲಿ ಉಣ್ಣೆ ಕಡಿತದಿಂದ ಬರುವ ಲೈಮ್ ರೋಗ ಕೆಲವೊಮ್ಮೆ ಮುಖದ ಎರಡೂ ಬದಿಯನ್ನು ಹಿಡಿಯುತ್ತದೆ.

ಕಿವಿಯೊಂದೇ ದಿಢೀರನೆ ಕೇಳದಾದಾಗ ಬಹುಪಾಲು ಕಾರಣ ಸಿಗುವುದಿಲ್ಲ. ಸಿಕ್ಕುವವುಗಳಲ್ಲಿ ಮಂಗನಬಾವು ಒಂದು. ಅದು ಹೆಚ್ಚಾಗಿ ಒಂದೇ ಕಿವಿಯನ್ನು ಕೆಡಿಸುವುದರಿಂದ ಮಗುವಿನ ತೊಂದರೆ ಮನೆಯವರ ಗಮನಕ್ಕೆ ಬರುವುದೇ ತಡ. ಸಿಫಿಲಿಸ್ ಕೂಡ ಕಿವಿಗೆ ಹಾನಿ ಮಾಡುತ್ತದೆ. ರಕ್ತ ಪರೀಕ್ಷೆಯಿಂದ ಪತ್ತೆಯಾಗಿ ಪೆನಿಸಿಲಿನ್‌ಗೆ ಬಗ್ಗುವ ಕಾಯಿಲೆಯಾದ್ದರಿಂದ ಮುಜುಗರಪಟ್ಟು ಪರೀಕ್ಷೆ ಬಿಡಬಾರದು.

ಪಾರ್ಶ್ವವಾಯುವಿನಲ್ಲೂ ಬಾಯಿ ಸೊಟ್ಟಗಾಗುತ್ತದೆ, ಆದರೆ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟುತ್ತದೆ. ನರಕ್ಕೇ ಪೆಟ್ಟಾದಾಗ ಹಣೆಯೂ ಆಡುವುದಿಲ್ಲ. ಇದನ್ನು ಮನೆಯಲ್ಲೇ ನಿರ್ಧರಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಾಮ್‌ಸೆ ಹಂಟ್‌ಗೆ ವೈರಸ್ ನಿರೋಧಕ ಮಾತ್ರೆ, ಸ್ಟೀರಾಯ್ಡ್ ಎರಡನ್ನೂ ಕೊಡುತ್ತಾರೆ, 72 ಗಂಟೆಯೊಳಗೆ ಆರಂಭಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ರೆಪ್ಪೆ ಮುಚ್ಚುವವರೆಗೆ ಕಣ್ಣು ಒಣಗದಂತೆ ಹಗಲು ಹನಿಮದ್ದು, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಪಟ್ಟಿ ಅಂಟಿಸುತ್ತಾರೆ.